ಎರಡು ಬೆಂಚಿನ ಸಮಾಜಶಾಸ್ತ್ರ

ಕೆಮಿಸ್ಟ್ರಿ ಕಲಸೋರಿಗೆ ಒಂದು ಅನುಕೂಲ ಐತಿ. ಅವ್ರ ಆ್ಯಸಿಡ್ಡು ಬಾಟ್ಲಿಯೊಳಗ ಇರತೈತಿ, ಬಾಟ್ಲಿ ಕಪಾಟಿನ್ಯಾಗ ಇರತೈತಿ, ಕಪಾಟಿಗೆ ಬೀಗ ಇರತೈತಿ. ಸಮಾಜಶಾಸ್ತ್ರದ್ದು ಹಂಗಲ್ಲ. ನಮ್ಮ ಸಾಮಾನೆಲ್ಲಾ ಚಪ್ಪಲ್ ಹಾಕ್ಕೊಂಡು ರಸ್ತೆದಾಗ ತಿರಗಾಡತೈತಿ. ಮುಂಜಾನೆ ಪಾಠ ಮಾಡಿದ್ದು ಸಂಜಿಕ ಎದುರಿಗೆ ಬಂದು ನಿಂತು 'ನಮಸ್ಕಾರ್ರಿ' ಅಂತೈತಿ. ಇಷ್ಟು ವರ್ಷದಾಗ ಇದು ತಪ್ಪಿಲ್ಲ.

ನಾ ಬೀದರ್ ಕಡೆಯಾಂವ. ಹೈದರಾಬಾದಿನ್ಯಾಗ, ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿನ ಹತ್ರ ಒಂದು ಪ್ರೈವೇಟ್ ಡಿಗ್ರಿ ಕಾಲೇಜಿನ್ಯಾಗ ಮಾಸ್ತರ್ಕಿ ಮಾಡತಿದ್ದೆ. ಊರಿಗೆ ಊರ ಕಂಪ್ಯೂಟರ್ ಕಲಿಯಾಕ ಹೊಂಟಿದ್ದ ಕಾಲ ಅದು. ಪಾನ್ ಅಂಗಡಿಯಾಂವ ಸುದ್ದಾ ಸುಣ್ಣ ಹಚ್ಚಕೋತ "ಯಾವ ಕೋರ್ಸ್ ನಡದೈತಿ ಸರ್?" ಅಂತ ಕೇಳತಿದ್ದ.

ಒಂದಿನ ಕಾಲೇಜಿನ ಮಾಲಕರು ಕರೆಸಿದ್ರು. ಮೊದಲ ಸಿಮೆಂಟ್ ವ್ಯಾಪಾರ ಮಾಡತಿದ್ರು, ಆಮ್ಯಾಲ ವಿದ್ಯಾದಾನಕ್ಕ ಇಳದವರು.

"ಮಾಸ್ತರ್ರ, ಅಡ್ಮಿಷನ್ ಮುಗಿಯೋದ್ರೊಳಗ ನಿಮ್ಮ ಫಸ್ಟ್ ಇಯರ್‌ನ್ಯಾಗ ಎರಡು ಬೆಂಚಾದ್ರೂ ತುಂಬಬೇಕು. ಇಲ್ಲಂದ್ರ ಸೋಷಿಯಾಲಜಿ ಬಂದ್. ಆ ರೂಮಿಗೆ ಕಂಪ್ಯೂಟರ್ ಬರ್ತಾವ."

"ಮತ್ತ ನಾನ್ರಿ?"

"ನಿಮ್ಮನ್ನ ಕೈ ಬಿಡ್ತೀನೇನು? ಲೈಬ್ರರಿ ನೋಡ್ಕೊಂಡು ಇರ್ರಿ."

ಕಾಲೇಜಿನ್ಯಾಗ ಲೈಬ್ರರಿ ಇರಲಿಲ್ಲ.

ಅಂದಂಗ, ಈ ಮಾತೆಲ್ಲಾ ನಡದದ್ದು ತೆಲುಗಿನ್ಯಾಗ, ಇಲ್ಲಾ ಹೈದರಾಬಾದಿ ಹಿಂದಿಯೊಳಗ. ನನ್ನ ನೆನಪಿಗೆ ಮಾತ್ರ ಕನ್ನಡ ಬಿಟ್ಟು ಬ್ಯಾರೆ ಬರಂಗಿಲ್ಲ.

ಸಾಮಾಜಿಕ ಪಾತ್ರ

ಮನುಷ್ಯ ಒಬ್ಬನ, ಪಾತ್ರ ಹಲವು ಅನ್ನೋದು ಮೊದಲ ಪಾಠ. ಮಗ ಆಗಿದ್ದಾಗ ಒಂದು ನಡತಿ, ವಿದ್ಯಾರ್ಥಿ ಆಗಿದ್ದಾಗ ಇನ್ನೊಂದು. ಈ ಪಾಠಕ್ಕ ಒಬ್ಬ ಹುಡುಗ ಬರಲಿಲ್ಲ. ಮುಂದಿನ ಪಾಠಕ್ಕೂ ಬರಲಿಲ್ಲ. ಕೇಳಿದ್ರ "ಟೈಫಾಯ್ಡ್ ಆಗೇತ್ರಿ ಸರ್" ಅಂತ ಗೆಳ್ಯಾರು ಹೇಳತಿದ್ರು. ಅಷ್ಟು ಉದ್ದನ ಟೈಫಾಯ್ಡ್ ನಾ ಕೇಳಿರಲಿಲ್ಲ.

ರೂಮು ಹೋದ್ರ ಮುಂದೇನು ಅಂತ ಹೆದರಿ ನಾನೂ ಒಂದಿನ ಅಮೀರ್‌ಪೇಟಿಗೆ ಹೋದೆ. ಅಲ್ಲೆ ಬಿಲ್ಡಿಂಗಿನ ಬಣ್ಣ ಕಾಣದಷ್ಟು ಬೋರ್ಡು ಹೊಡದಿರ್ತಾರ. ಒಂದು ಇನ್‌ಸ್ಟಿಟ್ಯೂಟಿನ್ಯಾಗ ಜಾವಾ ಕಲಸೋ ಫ್ರೀ ಡೆಮೊ ಇತ್ತು. ಮೆಟ್ಟಲ ಹತ್ತಿ ಹೋಗಿ ಕಡೀ ಬೆಂಚಿನ್ಯಾಗ ಕುಂತೆ. ಬೋರ್ಡಿನ ಮ್ಯಾಲ ಬರ್ಯಾಕತ್ತಿದ್ದ ಫ್ಯಾಕಲ್ಟಿ, ಟೈ ಕಟಗೊಂಡಾಂವ, ಈ ಕಡೆ ತಿರಗಿದ. ನೋಡಿದ್ರ ಟೈಫಾಯ್ಡಿನ ಹುಡುಗ.

ಅಂವ ನನ್ನ ನೋಡಿದ. ನಾ ಅವನ್ನ ನೋಡಿದೆ. ರೂಮು ತುಂಬಾ ಮಂದಿ ನಮ್ಮಿಬ್ಬರನ್ನೂ ನೋಡಾಕತ್ತಿದ್ರು. ಅಂವ ಚಾಕ್‌ಪೀಸ್ ಇಟ್ಟು ನನ್ನ ಹತ್ರ ಬಂದ. ಕಾಲಿಗೆ ಬೀಳತಾನೇನೋ ಅಂದ್ಕೊಂಡೆ.

"ಹಿಂದ ಕುಂತ್ರ ತಿಳಿಯಂಗಿಲ್ಲ. ಮುಂದ ಬರ್ರಿ," ಅಂದ.

ಮುಂದ ಹೋಗಿ ಕುಂತೆ. ಕ್ಲಾಸ್ ಮುಗದ ಮ್ಯಾಲ ಕೆಳಗ ಕರಕೊಂಡು ಹೋಗಿ ಚಾ ಕುಡಸಿದ. "ಡೌಟ್ ಇದ್ರ ನಾಚಬ್ಯಾಡ್ರಿ ಸರ್, ಕೇಳ್ರಿ," ಅಂದ. ಒಂದೆರಡು ಲೆಕ್ಕ ಮನ್ಯಾಗ ಮಾಡಾಕಂತ ಕೊಟ್ಟ.

ಮರುದಿನದಿಂದ ಅಂವ ನನ್ನ ಕ್ಲಾಸಿಗೆ ತಪ್ಪದ ಬರಾಕತ್ತಿದ. ನನ್ನ ಹೋಂವರ್ಕ್ ನೋಡಾಕ.

ಸಂಸ್ಕೃತಿ

ನಮ್ಮ ಮ್ಯಾಲಿನ ಮನ್ಯಾಗ ಮೈಸೂರಿನ ಸಾಫ್ಟ್‌ವೇರ್ ಹುಡುಗ ಬಾಡಿಗಿಗೆ ಇದ್ದ. ಮರ್ಯಾದಸ್ಥ, ಈ ಊರಿಗೆ ಹೊಸಬ. ಓಣಿಯ ಸಾಹೇಬರೊಬ್ಬರು ಮಗಳ ಮದುವಿಗೆ ಅವನ್ನ ಕರದ್ರು. ಕಾರ್ಡಿನ ಮ್ಯಾಲ ಸಂಜಿ ಏಳು ಅಂತಿತ್ತು. ಹೈದರಾಬಾದಿನ್ಯಾಗ ಕಾರ್ಡಿನ ಟೈಮು ಅಂದ್ರ, ಆ ಹೊತ್ತಿಗೆ ಸ್ನಾನಕ್ಕ ನೀರು ಕಾಯಾಕ ಇಡ್ರಿ ಅಂತ ಅರ್ಥ. ಹುಡುಗಗ ಇದು ಗೊತ್ತಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಸರೀ ಏಳಕ್ಕ ಹೋಗ್ಯಾನ.

ಹಾಲ್‌ನ್ಯಾಗ ಶಾಮಿಯಾನದಾಂವ ಒಬ್ಬನ ಇದ್ದ. "ಸ್ವಲ್ಪ ಇದನ್ನ ಹಿಡಿ" ಅಂತ ಕುರ್ಚಿ ಕವರು ಕೊಟ್ಟ. ಇಂವ ಹಿಡದ. ಹಿಡದ ಮ್ಯಾಲ ಹಾಕೂ ಹಾಕಿದ.

"ಆಮ್ಯಾಲ?" ಅಂತ ಕೇಳಿದೆ.

"ಆಮೇಲೆ ಸಾಹೇಬ್ರು ಬಂದ್ರು ಸಾರ್. ನನ್ನ ಗುರುತೇ ಸಿಗಲಿಲ್ಲ ಅವ್ರಿಗೆ. 'ಈ ಸಾಲು ಸೊಟ್ಟ ಇದೆ' ಅಂತ ಬೈದ್ರು."

"ನಾ ಮದುವಿಗೆ ಬಂದಾಂವ ಅಂತ ಹೇಳಬೇಕಿಲ್ಲೋ ತಮ್ಮಾ?"

"ಹೇಳೋಣ ಅಂತಲೇ ಇದ್ದೆ ಸಾರ್. ಆದ್ರೆ ಸಾಲು ನಿಜವಾಗ್ಲೂ ಸೊಟ್ಟ ಇತ್ತು."

ಒಂದು ಸಂಸ್ಕೃತಿಯವ ಇನ್ನೊಂದು ಸಂಸ್ಕೃತಿಯೊಳಗ ಬಿದ್ರ ಏನಾಗತೈತಿ ಅನ್ನೋದಕ್ಕ ಇದಕ್ಕಿಂತ ಛಲೋ ಉದಾಹರಣಿ ಸಿಗಂಗಿಲ್ಲ ಅಂತ ಅವನ್ನ ಕ್ಲಾಸಿಗೆ ಕರಕೊಂಡು ಹೋದೆ. ಆವತ್ತು ಎರಡೂ ಬೆಂಚು ತುಂಬಿದ್ವು. ಹುಡುಗ ಎಲ್ಲಾ ಚಂದ ಹೇಳಿದ. ಪ್ರಶ್ನೆ ಕೇಳ್ರಿ ಅಂದೆ. ಒಬ್ಬಾಕಿ ಎದ್ದು, "ಅಣ್ಣಾ, ನಿಮ್ಮ ಕಂಪ್ನಿಯೊಳಗ ಓಪನಿಂಗ್ ಅದಾವೇನ್ರಿ?" ಅಂದ್ಲು.

"ಜಾವಾ ಬಂದ್ರೆ ಇದೆ," ಅಂದ ಹುಡುಗ.

ಮರುದಿನ ಒಂದು ಬೆಂಚು ಖಾಲಿ. ಅಷ್ಟೂ ಮಂದಿ ಟೈಫಾಯ್ಡಿನ ಹುಡುಗನ ಬ್ಯಾಚಿಗೆ ಸೇರಿದ್ರು. ಅಂವ ಬಂದು ನನಗ ಥ್ಯಾಂಕ್ಸ್ ಹೇಳಿದ.

ಸಾಮಾಜೀಕರಣ

ಉಳದವರನ್ನರ ಹಿಡದು ಕೂಡಿಸಬೇಕಂತ ನಾ ಒಂದು ಪ್ರಾಕ್ಟಿಕಲ್ ಕೊಟ್ಟೆ. ಮನ್ಯಾಗ ಹೆಂಗ ಇರಬೇಕು ಅನ್ನೋದನ್ನ ನಾವು ಸಣ್ಣಾವರಿದ್ದಾಗ ಕಲತಿರ್ತೀವಿ, ಕಲತದ್ದು ಮರತಿರ್ತೀವಿ. ಅದಕ್ಕ ಸಾಮಾಜೀಕರಣ ಅಂತಾರ. ಅದು ಕಣ್ಣಿಗೆ ಕಾಣಬೇಕಂದ್ರ ಇವತ್ತು ಸಂಜಿಕ ನಿಮ್ಮ ಮನಿಗೆ ನೀವ ಬೀಗರಂಗ ಹೋಗ್ರಿ ಅಂದೆ. ಕೇಳಿ ಒಳಗ ಬರ್ರಿ, ಕೇಳಿ ಕೂಡ್ರಿ, ಕೇಳಿ ನೀರು ಕುಡೀರಿ, ಬಹುವಚನ ಬಿಡಬ್ಯಾಡ್ರಿ. ಪಾಠ ಅಂತ ಮಾತ್ರ ಯಾರಿಗೂ ಹೇಳಬ್ಯಾಡ್ರಿ.

ಮರುದಿನ ಮುಂಜಾನೆ ಮಾಲಕರ ರೂಮಿನಿಂದ ಕರಿ ಬಂತು. ಹೋದ್ರ ಒಳಗ ನನ್ನ ಕ್ಲಾಸಿನ ಹುಡುಗರ ತಾಯಿ-ತಂದಿ ಮಂದಿ. ಮಾಲಕರ ಮಾರಿ ಗಂಟಾಗಿತ್ತು. ಅವ್ರ ಕುರ್ಚಿ ಹಿಂದ ಅವ್ರ ಮಗ ನಿಂತಿದ್ದ. ಅವನೂ ನನ್ನ ಕ್ಲಾಸಿನಾಂವ. ಬ್ಯಾರೆ ಡಿಪಾರ್ಟ್‌ಮೆಂಟಿನವರು ಯಾರೂ ತಗೊಳ್ಳದ್ದಕ್ಕ ನನ್ನ ಪಾಲಿಗೆ ಬಂದಾಂವ.

ಮೊದಲ ಎದ್ದಾಕಿ ನಮ್ಮ ಯಾದಗಿರಿ ಕಡೆ ಹೆಣ್ಮಗಳು. ಗಂಡ ಉಪ್ಪಲ್‌ದಾಗ ಬಿಲ್ಡಿಂಗ್ ಕೆಲಸದ ಮೇಸ್ತ್ರಿ. ನನ್ನ ಮಾತು ಕೇಳಿದ್ದ ತಡ ಕನ್ನಡಕ್ಕ ತಿರಗಿದ್ಲು.

"ನನ ಮಗ ಬಾಗಲಾಗ ನಿಂತು 'ಒಳಗ ಬರ್ಲೇನ್ರಿ' ಅಂದ್ರೀ. ಉಂಡ ಮ್ಯಾಲ 'ಅಡಗಿ ಭಾಳ ಛಲೋ ಆಗಿತ್ರಿ' ಅಂತ ಕೈ ಮುಗದ. ಹುಟ್ಟಿದಾಗಿಂದ ಒಂದ್ಸಲ ಅಂದಾಂವಲ್ಲ. ಗಾಳಿ ಹೊಕ್ಕೈತಿ ಅಂತ ಅವರಪ್ಪ ದರ್ಗಾಕ್ಕ ಕರಕೊಂಡು ಹೋಗಿ ನವಿಲುಗರಿ ಆಡಿಸ್ಕೊಂಡು ಬಂದ."

"ಈಗ ಹೆಂಗದಾನವ್ವಾ?"

"ಮುಂಜಾನೆದ್ದು 'ಚಾ ಎಲ್ಲೈತಿ' ಅಂತ ಒದರಿದ. ಆವಾಗ ನನ ಜೀವಕ್ಕ ಸಮಾಧಾನ ಆತು."

ಆಮ್ಯಾಲ ಒಬ್ಬ ರಿಟೈರ್ಡ್ ಗುಮಾಸ್ತರು. "ನನ್ನ ಮಗಳು, ಇಷ್ಟು ವರ್ಷ ಇಟ್ಕೊಂಡಿದ್ದಕ್ಕ ಥ್ಯಾಂಕ್ಸ್ ಅಂದ್ಲು ಸರ್. ಯಾರ ಜೋಡಿಯೋ ಓಡಿ ಹೊಂಟಾಳಂತ ನಾ ಬಾಗಲಿಗೆ ಕುರ್ಚಿ ಹಾಕ್ಕೊಂಡು ಕುಂತೆ. ಆಕಿ ಬಂದು, 'ನಿಮಗ ಇಲ್ಲೆ ಚಳಿ ಆಗಂಗಿಲ್ಲೇನ್ರಿ' ಅಂತ ಕೇಳಿದ್ಲು. ನನಗ ಅಳುನ ಬಂತು."

ಮಾಲಕರು ಟೇಬಲ್ ಗುದ್ದಿದ್ರು. "ಮಾಸ್ತರ್ರ, ಅಡ್ಮಿಷನ್ ಮುಗಿಯೋತನಾ ಕಾಯೋದೂ ಬ್ಯಾಡ. ಈ ಸಬ್ಜೆಕ್ಟು ಇವತ್ತಿಗೆ ಬಂದ್."

ನಾ ಇಲ್ಲದ ಲೈಬ್ರರಿಯ ಕೀಲಿಕೈ ಯಾರ ಹತ್ರ ಇಸ್ಕೋಬೇಕು ಅಂತ ವಿಚಾರ ಮಾಡಾಕತ್ತಿದ್ದೆ. ಕುರ್ಚಿ ಹಿಂದಿನಿಂದ ಮಗನ ದನಿ ಬಂತು.

"ಡ್ಯಾಡಿ, ನಿನ್ನೆ ನೀವ ಬ್ಯಾರೆ ಹೇಳಿದ್ರಲ್ಲ."

"ನಾ ಏನ್ ಹೇಳಿದ್ನೋ?"

"ನಾನೂ ಪ್ರಾಕ್ಟಿಕಲ್ ಮಾಡಿದ್ನಲ್ಲ. ನೀವು ಪೇಪರ್ ಓದಾಕತ್ತಿದ್ರಿ. ನಾ ಕುರ್ಚಿ ತುದಿಗೆ ಕುಂತು 'ನಮಸ್ಕಾರ ಸರ್, ನಿಮ್ಮ ಕಾಲೇಜಿನ ಬಗ್ಗೆ ಕೇಳಾಕ ಬಂದೀನಿ' ಅಂದೆ. ನೀವು ಪೇಪರ್ ಇಳಸಲಿಲ್ಲ. ಮಾರ್ಕ್ಸ್ ಹೆಂಗ ಅದಾವ ಅಂದ್ರಿ. ಭಾಳ ಕಮ್ಮಿ ಅಂದೆ."

"ಸಾಕು ಸಾಕು," ಅಂದ್ರು ಮಾಲಕರು. ಆದ್ರ ಅಷ್ಟೊತ್ತಿಗೆ ಗುಮಾಸ್ತರು ಕುರ್ಚಿ ಹತ್ರ ಎಳಕೊಂಡಿದ್ರು.

"ಅದಕ್ಕ ನೀವು, 'ಮಾರ್ಕ್ಸಿನ ಚಿಂತಿ ಬಿಡ್ರಿ, ಸೋಷಿಯಾಲಜಿ ತಗೋರಿ, ಅದರಂಥಾ ಸಬ್ಜೆಕ್ಟ್ ಇಲ್ಲ, ಅದಕ್ಕಂತ ದೊಡ್ಡ ಪ್ರೊಫೆಸರನ್ನ ಬೀದರಿಂದ ತರಿಸೀವಿ' ಅಂದ್ರಿ. ಆಮ್ಯಾಲ ನಾ ನೀರು ಕೇಳಿದೆ. 'ಬಂದವರಿಗೆ ನೀರು ಕೊಡ್ರಿ' ಅಂತ ಮಮ್ಮಿಗೆ ಒದರಿದ್ರಿ. ಮಮ್ಮಿ ಹೊರಗ ಬಂದು, 'ಇವಗೇನು, ಕಾಲಿಲ್ಲೇನು?' ಅಂದ ಮ್ಯಾಲ ನೀವು ಪೇಪರ್ ಇಳಿಸಿದ್ರಿ."



ಯಾದಗಿರಿ ಹೆಣ್ಮಗಳು ಮೊದಲ ಬಾಯಿ ಬಿಟ್ಲು. "ಅಷ್ಟು ಛಲೋದೇನ್ರಿ ಅದು? ಹಂಗಾರ ನನ್ನ ಅಕ್ಕನ ಮಗನ ಹೆಸ್ರೂ ಅದಕ್ಕ ಹಚ್ಚರಿ. ಅವಂದೂ ಮಾರ್ಕ್ಸ್ ಕಮ್ಮೀನ ಅದಾವ."

ಗುಮಾಸ್ತರು, "ನನ್ನ ತಮ್ಮನ ಮಗಳೂ ಅದಾಳ್ರಿ," ಅಂದ್ರು. ಹಿಂದಿದ್ದವರೊಬ್ಬರು ತಮ್ಮ ಅಳಿಯನ ಬಗ್ಗೆ ಕೇಳಿದ್ರು.

ಅಡ್ಮಿಷನ್ ಅನ್ನೋ ಮಾತು ಬಿದ್ರ ಮಾಲಕರ ಕೈ ತಾನ ಡ್ರಾಯರಿಗೆ ಹೋಗತೈತಿ. ಆವತ್ತೂ ಹೋತು. ಹೆಸ್ರು ಬರಕೋತ ಬರಕೋತ ಎರಡನೇ ಬೆಂಚು ತುಂಬೇ ಬಿಟ್ಟಿತು.

ಮಂದಿ ಎಲ್ಲಾ ಹೋದ ಮ್ಯಾಲ ಮಾಲಕರು ಮಾರಿ ಒರಸ್ಕೊಂಡ್ರು.

"ಕ್ಲಾಸ್ ನಡೀಲಿ. ಮುಂದಿನ ಪಾಠ ಯಾವುದು?"

"ಮದುವಿ ಮತ್ತ ಕುಟುಂಬ, ಸರ್."

ಅವ್ರು ಕುರ್ಚಿ ಹಿಂದ ನಿಂತಿದ್ದ ಮಗನ್ನ ತಿರಗಿ ನೋಡಿದ್ರು.

"ಅದನ್ನ ಬೋರ್ಡಿನ ಮ್ಯಾಲ ಬರದು ಮುಗಸ್ರಿ," ಅಂದ್ರು. "ಮನಿಗೆ ಪ್ರಾಕ್ಟಿಕಲ್ ಕೊಟ್ಟು ಕಳಸಬ್ಯಾಡ್ರಿ."