ನಲವತ್ತೊಂದನೆಯ ಸಾಲು

ಬಹಳ ಹಿಂದೆ, ಎಂದರೆ ಇಮೇಲಿಗೆ ಇನ್ನೂ ಓಲೆ ಎಂದೇ ಹೆಸರಿದ್ದ ಕಾಲದಲ್ಲಿ, ನಿಶ್ಚಿಂತಪುರವೆಂಬ ಒಂದು ರಾಜ್ಯವಿತ್ತು. ಅದನ್ನು ಕರ್ಣಕೋಮಲ ಮಹಾರಾಜರು ಆಳುತ್ತಿದ್ದರು. ಮಹಾರಾಜರ ಕಿವಿಗಳು ಹುಟ್ಟಿನಿಂದಲೇ ಮೃದು. ಹೊಗಳಿಕೆಯನ್ನು ಅವು ಎಷ್ಟು ಬೇಕಾದರೂ ತಾಳಿಕೊಳ್ಳುತ್ತಿದ್ದವು. ದೂರಿನ ಒಂದು ಮಾತು ಬಿದ್ದರೆ ಸಾಕು, ರಾಜವೈದ್ಯರು ಎಳ್ಳೆಣ್ಣೆ ಬಿಸಿಮಾಡಬೇಕಾಗುತ್ತಿತ್ತು. ಉಳಿದಂತೆ ಅವರು ಒಳ್ಳೆಯವರೇ.

ಕಥೆ ಶುರುವಾಗುವುದು ಅರಮನೆಯಲ್ಲಲ್ಲ, ಹೊಳೆಬೀದಿಯ ಒಂದು ಸಣ್ಣ ಮನೆಯಲ್ಲಿ. ಹದಿಮೂರು ದಿನದ ಕರ್ಮಗಳು ಮುಗಿದಿದ್ದವು. ನೆಂಟರು ತಂತಮ್ಮ ಚೀಲ, ಚಾಪೆ, ಬುದ್ಧಿಮಾತುಗಳನ್ನು ಕಟ್ಟಿಕೊಂಡು ಹಿಂದಿನ ದಿನವೇ ಹೊರಟುಹೋಗಿದ್ದರು. ಹದಿನಾಲ್ಕನೆಯ ಬೆಳಿಗ್ಗೆ ಎಲ್ಲ ಬೆಳಿಗ್ಗೆಗಳಂತೆಯೇ ಇತ್ತು. ಹಾಲಿನವಳು ಬಂದಳು. ಚಾರುಮತಿ ಒಲೆ ಹಚ್ಚಿ ಹಾಲಿಟ್ಟಳು. ಅದು ಉಕ್ಕುವುದನ್ನು ನೋಡುತ್ತ ನಿಂತು, ಉಕ್ಕಿ ಹೋದ ಮೇಲೆ ಇಳಿಸಿದಳು.

ಅವಳ ಗಂಡ ವರದತ್ತ ರಾಜ್ಯದ ಓಲೆಖಾತೆಯಲ್ಲಿ ಹೊಸ ಓಲೆತಂತ್ರದ ಪರೀಕ್ಷಕನಾಗಿದ್ದ. ಮೂರು ದಿನದ ಜ್ವರ. ಮದ್ದು ಕೊಡುವ ಪಂಡಿತರ ಮನೆ ಹೊಳೆಯಾಚೆ. ಪಂಡಿತರಿಗೆ ಓಲೆ ಕೂಡಲೇ ತಲುಪಿತು, ಪಂಡಿತರು ತಲುಪಲಿಲ್ಲ. ಸೇತುವೆಯ ಐದು ಹಲಗೆ ಮುರಿದು ತಿಂಗಳಾಗಿತ್ತು. ಮೇಲಿನ ಊರಿನವರೆಗೆ ನಡೆದು, ನೀರು ಕಡಿಮೆಯಿರುವಲ್ಲಿ ದಾಟಿ ಅವರು ಬರುವಷ್ಟರಲ್ಲಿ ಅರ್ಧ ದಿನ ಕಳೆದಿತ್ತು. ಅಷ್ಟರಲ್ಲಿ ಜ್ವರ ತಾನಾಗಿಯೇ ಬಿಟ್ಟಿತ್ತು, ವರದತ್ತನೂ.

ಚಾರುಮತಿ ಗೋಡೆಯ ಮಾಡಿನ ಧೂಳು ಒರೆಸಿದಳು. ಅಲ್ಲಿ ಒಂದು ಕಂಚಿನ ಗಂಟೆ ಇತ್ತು, ಬಣ್ಣ ಮಾಸಿದ ಕೆಂಪು ಬಟ್ಟೆ ಕಟ್ಟಿದ್ದು. ಹೊಸ ಓಲೆ ಬಂದಾಗ ಗಂಟೆ ಬಾರಿಸುತ್ತದೆಯೇ ಎಂದು ಪರೀಕ್ಷಿಸಲು ಖಾತೆಯಲ್ಲಿ ಗಂಟೆಯೇ ಇರಲಿಲ್ಲ. ಗಂಟೆಗಾಗಿ ಸಲ್ಲಿಸಿದ ಬೇಡಿಕೆ ಹನ್ನೊಂದು ತಿಂಗಳಿನಿಂದ ಪರಿಶೀಲನೆಯಲ್ಲಿತ್ತು. ವರದತ್ತ ದೋಣಿ ನಡೆಸುವ ಕೆಂಚಮ್ಮನಿಂದ ಇದನ್ನು ಎರಡು ದಿನಕ್ಕೆಂದು ಕಡ ತಂದಿದ್ದ. ಎರಡು ತಿಂಗಳಾಗಿತ್ತು. ಕಚೇರಿಯಲ್ಲಿ ಬಿಟ್ಟರೆ ಮರುದಿನ ಯಾವ ಅಧಿಕಾರಿಯ ದೇವರಕೋಣೆಯಲ್ಲಿರುತ್ತದೋ ಎಂದು ಪ್ರತಿ ಸಂಜೆ ಮನೆಗೆ ತರುತ್ತಿದ್ದ.

ಕೊಟ್ಟುಬರಬೇಕು ಎಂದು ಅವಳು ಗಂಟೆಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುವಷ್ಟರಲ್ಲಿ ರಾಜದೂತ ಬಾಗಿಲಿಗೆ ಬಂದ. ಕಾಗದ ಉಳಿತಾಯದ ಸುತ್ತೋಲೆಯಂತೆ ಒಂದೇ ಹಾಳೆ. ಮುಂದಿನ ಮಗ್ಗುಲಲ್ಲಿ ಸಂತಾಪ, ಹಿಂದಿನ ಮಗ್ಗುಲಲ್ಲಿ ಅನುಕಂಪದ ಆಧಾರದ ಮೇಲೆ ನೇಮಕಾತಿ.

"ದಿವಂಗತರು ಪರೀಕ್ಷಾ ಪುಸ್ತಕದ ನಲವತ್ತು ಸಾಲುಗಳನ್ನು ಪೂರೈಸಿ ಸ್ವರ್ಗಸ್ಥರಾಗಿರುವುದರಿಂದ, ಅವರ ಪತ್ನಿಯು ನಲವತ್ತೊಂದನೆಯ ಸಾಲಿನಿಂದ ಈ ದಿನವೇ ಮುಂದುವರಿಸತಕ್ಕದ್ದು" ಎಂದು ಓದಿ ದೂತ ಕೆಳದನಿಯಲ್ಲಿ ಹೇಳಿದ: "ಬೇಗ ಹೊರಡಿ ತಾಯಿ. ತಡ ಆದ್ರೆ ಅರ್ಧ ದಿನದ ರಜೆ ಹಾಕ್ತಾರೆ."

ಚಾರುಮತಿ ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದವಳು. ಈ ಆದೇಶದಲ್ಲಿ ತರ್ಕದೋಷ ಎಲ್ಲಿದೆಯೆಂದು ಹುಡುಕಲು ಅವಳಿಗೆ ಆ ದಿನ ಶಕ್ತಿಯಿರಲಿಲ್ಲ. ಗಂಟೆ ಹಿಡಿದುಕೊಂಡೇ ಕಚೇರಿಗೆ ಹೋದಳು.

ಓಲೆಖಾತೆಯ ಸಚಿವ ಸಮ್ಮತಿರಾಯರು ಅವಳನ್ನು ಕೂಡಿಸಿ, ಎರಡು ನಿಮಿಷ ಮೌನ ಆಚರಿಸಿ, ಮೂರನೆಯ ನಿಮಿಷಕ್ಕೆ ಕೆಲಸ ವಿವರಿಸಿದರು.

"ನೋಡಮ್ಮಾ, ಭಂಡಾರದಲ್ಲಿ ನೂರೆಂಟು ಫೋಲ್ಡರುಗಳಿವೆ. ಸ್ತುತಿ, ಜನ್ಮದಿನದ ಶುಭಾಶಯ, ಕವಿಗಳ ಅರ್ಜಿ, ಹೀಗೆ. ಅಹವಾಲು ಅನ್ನೋದೂ ಒಂದಿದೆ. ಯಾರಿಗೆ ಯಾವುದು ಬೇಕೋ ಅದಕ್ಕೆ ಚಂದಾದಾರರಾಗಬಹುದು. ಬೇಡವಾದರೆ ಚಂದಾ ಬಿಡಬಹುದು. ಬಿಟ್ಟವರ ಪರದೆಯಲ್ಲಿ ಆ ಫೋಲ್ಡರು ಕಾಣೋದಿಲ್ಲ."

"ಒಳಗಿನ ಓಲೆಗಳು?"

"ಅವೆಲ್ಲಿ ಹೋಗ್ತವೆ? ಅಲ್ಲೇ ಇರ್ತವೆ. ಹೊಸವೂ ಬರ್ತಾ ಇರ್ತವೆ. ಕಾಣೋದಿಲ್ಲ, ಅಷ್ಟೇ."

ಚಾರುಮತಿ ಪರೀಕ್ಷಾ ಪುಸ್ತಕ ತೆರೆದಳು.

ಪ್ರತಿ ಪುಟದಲ್ಲೂ ಮೂರು ಅಂಕಣ. ಮಾಡಿದ್ದೇನು, ನಿರೀಕ್ಷಿತ ಫಲ, ನಿಜವಾದ ಫಲ. ನಲವತ್ತೊಂದನೆಯ ಸಾಲಿನಲ್ಲಿ ವರದತ್ತನ ಅಕ್ಷರ ಬಲಕ್ಕೆ ವಾಲಿಕೊಂಡು ನಿಂತಿತ್ತು. ಮಾಡಿದ್ದು: ಮಹಾರಾಜರು ಅಹವಾಲು ಫೋಲ್ಡರಿನ ಚಂದಾ ಬಿಡುವುದು. ನಿರೀಕ್ಷಿತ ಫಲ: ಅದು ಮಹಾರಾಜರಿಗೆ ಮಾತ್ರ ಕಾಣಬಾರದು, ಬಡಗಿಶಾಲೆ, ನೀರುಖಾತೆ ಮುಂತಾದವರಿಗೆ ಕಾಣಬೇಕು. ಮೂರನೆಯ ಅಂಕಣ ಖಾಲಿ. ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದ: 'ಅನುಮಾನ. ನಾಳೆ ಮತ್ತೆ ನೋಡಬೇಕು.'

ಪರೀಕ್ಷಕರ ಪರದೆಯಲ್ಲಿ ಯಾರ ಹೆಸರಿನಿಂದ ಬೇಕಾದರೂ ಒಳಹೋಗಬಹುದಿತ್ತು. ಅವಳು ಗಂಟೆಯನ್ನು ತಂತಿಗೆ ಕಟ್ಟಿ, ಮೊದಲು ಬಡಗಿಶಾಲೆಯವರ ಹೆಸರಿನಲ್ಲಿ ಅಹವಾಲು ಫೋಲ್ಡರನ್ನು ತೆರೆದಳು. ಓದದ ಓಲೆಗಳು ದಪ್ಪ ಅಕ್ಷರದಲ್ಲಿದ್ದವು. ಎಲ್ಲವೂ ದಪ್ಪ ಅಕ್ಷರದಲ್ಲಿದ್ದವು. ಹೆಚ್ಚಿನವು ಸೇತುವೆಯವು. ಮೇಲಿನಿಂದ ಏಳನೆಯದು ಅವಳದೇ, ಜ್ವರದ ಎರಡನೆಯ ದಿನ ಬರೆದದ್ದು: 'ಸೇತುವೆಗೆ ಐದು ಹಲಗೆ ಬೇಕು. ಪಂಡಿತರು ದಾಟಬೇಕು.'

ಅವಳು ಅದನ್ನು ತೆರೆಯಲಿಲ್ಲ. ತೆರೆದರೆ ಓದಿದಂತಾಗಿ ಅಕ್ಷರ ತೆಳುವಾಗುತ್ತದೆ. ಓದಬೇಕಾದವರು ಬೇರೆ ಇದ್ದರು. ಅವಳಿಗೆ ಇನ್ನು ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಆದರೆ ಹೊಳೆಬೀದಿಯಲ್ಲಿ ಇನ್ನೂ ಅರವತ್ತು ಮನೆಗಳಿದ್ದವು, ಪಂಡಿತರು ಇನ್ನೂ ಆಚೆಯ ದಡದಲ್ಲೇ ಇದ್ದರು.

ತನ್ನ ಹೆಸರಿನಲ್ಲಿ ಒಂದು ಓಲೆ ಕಳಿಸಿದಳು: 'ಪರೀಕ್ಷೆ.' ಗಂಟೆ ಟಣ್ ಎಂದಿತು. ಮಹಾರಾಜರ ಹೆಸರಿನಲ್ಲಿ ಒಳಹೊಕ್ಕು ಚಂದಾ ಬಿಟ್ಟಳು. ಮತ್ತೊಂದು ಓಲೆ ಕಳಿಸಿದಳು. ಗಂಟೆ ಸುಮ್ಮನಿತ್ತು. ಬಡಗಿಶಾಲೆಯವರ ಹೆಸರಿನಲ್ಲಿ ನೋಡಿದಳು: ಫೋಲ್ಡರು ಇಲ್ಲ. ನೀರುಖಾತೆ: ಇಲ್ಲ. ನಂಬಿಕೆ ಸಾಲದೆ ಬಡಗಿಶಾಲೆಗೆ ನಡೆದುಹೋದಳು.

ರಾಜ್ಯದ ಬಡಗಿಗಳು ಹೊಸ ಹಲಗೆಗಳನ್ನು ಒಪ್ಪವಾಗಿ ಜೋಡಿಸಿಟ್ಟು ಅವುಗಳ ಮೇಲೆ ಕುಳಿತು ಚೌಕಾಬಾರ ಆಡುತ್ತಿದ್ದರು.

"ಬನ್ನಿ ಅಕ್ಕಾವ್ರೇ, ಕೂತ್ಕೊಳ್ಳಿ" ಎಂದ ಮುಖ್ಯ ಬಡಗಿ ಮುದ್ದಾಚಾರಿ, ಕವಡೆ ಕೈಯಲ್ಲಿ ಹಿಡಿದೇ. "ವರದತ್ತಪ್ಪನೋರಿಗೆ ಹಿಂಗಾಗಬಾರದಿತ್ತು. ಬಲೇ ಒಳ್ಳೆ ಮನುಷ್ಯ. ದಿನಾ ಬಂದು 'ಗಂಟೆ ಕೇಳ್ತಾ, ಗಂಟೆ ಕೇಳ್ತಾ' ಅಂತ ತಲೆ ತಿನ್ನೋರು."

"ಆಚಾರ್ರೇ, ಸೇತುವೆಗೆ ಐದು ಹಲಗೆ ಬೇಕು."

"ಹಲಗೆಗೇನು ಬರ? ನಾವು ಕೂತಿರೋದೇ ಹಲಗೆ ಮೇಲೆ. ಓಲೆ ತೋರ್ಸಿ, ಇವತ್ತೇ ಬಡೀತೀವಿ."

"ಓಲೆ ಕಳಿಸಿ ಹದಿನೈದು ದಿನ ಆಯ್ತು."

ಮುದ್ದಾಚಾರಿ ಪರದೆಯ ಕಡೆ ಗಲ್ಲ ತಿರುಗಿಸಿದ. "ನೋಡಿ ನೀವೇ. ಈಗೊಂದು ಗಳಿಗೆಯಿಂದ ಫೋಲ್ಡರೇ ಇಲ್ಲ. ಅದಕ್ಕೂ ಮುಂಚೆ ಇತ್ತು ಅನ್ನಿ."

"ಇದ್ದಾಗ ಯಾಕೆ ಓದಲಿಲ್ಲ?"

"ಇತ್ತಲ್ಲ, ನಾಳೆ ಓದಿದ್ರಾಯ್ತು ಅಂತ" ಎಂದು ಅವನು ಕವಡೆ ಹಾಕಿದ.

ಚಾರುಮತಿ ಹಿಂದಿರುಗಿ ಮಹಾರಾಜರ ಚಂದಾ ಮೊದಲಿನಂತೆ ಮಾಡಿದಳು. ಮೂರನೆಯ ಅಂಕಣದಲ್ಲಿ ಬರೆದಳು: 'ಯಾರಿಗೂ ಕಾಣಲಿಲ್ಲ. ನಪಾಸು.' ಕೆಳಗೆ ಸಹಿ. ಆ ಎರಡು ವಾಕ್ಯ ಬರೆಯುವಾಗ ಹದಿನಾಲ್ಕು ದಿನದಲ್ಲಿ ಮೊದಲ ಬಾರಿಗೆ ಅವಳಿಗೆ ಹಸಿವಾಯಿತು. ನಪಾಸಾದ ಸಾಲನ್ನು ಸರಿಪಡಿಸದೆ ಓಲೆತಂತ್ರವನ್ನು ಪೂರ್ತಿಯಾಗಿ ಜಾರಿಗೆ ತರುವಂತಿರಲಿಲ್ಲ; ಸರಿಪಡಿಸಿದರೆ ರಾಜರಿಗೆ ಕಾಣದ್ದು ಬಡಗಿಗಾದರೂ ಕಾಣುತ್ತಿತ್ತು; ಕಂಡರೆ ಎಂದಾದರೊಂದು ನಾಳೆ ಅವನು ಓದಿಯಾನು.

ಮರುದಿನ ಅವಳಿಗೆ ಆಸ್ಥಾನಕ್ಕೆ ಕರೆ ಬಂತು. ಮಹಾರಾಜರು ಸಿಂಹಾಸನದ ಮೇಲೆ, ತೊಡೆಯ ಮೇಲೆ ಪರದೆ ಇಟ್ಟುಕೊಂಡು ವಿರಾಜಮಾನರಾಗಿದ್ದರು. ಪಕ್ಕದಲ್ಲಿ ಅರಮನೆಯ ಬೆಳ್ಳಿ ಗಂಟೆ ಎಡೆಬಿಡದೆ ಬಾರಿಸುತ್ತಿತ್ತು.

"ಸಮ್ಮತಿರಾಯರೇ, ಇದೇನು ಸದ್ದು?"

"ಪ್ರಜೆಗಳ ಪ್ರೀತಿ, ಪ್ರಭು."

"ನಿನ್ನೆ ಸ್ವಲ್ಪ ಹೊತ್ತು ನಿಂತಿತ್ತಲ್ಲ. ಎಷ್ಟು ಹಿತವಾಗಿತ್ತು! ನಮಗೆ ನಿದ್ದೆ ಬಂತು."

"ಅದು ಪರೀಕ್ಷೆ, ಪ್ರಭು. ಈ ಹೆಣ್ಣುಮಗಳು ಮಾಡಿದ್ದು."

ಮಹಾರಾಜರು ಪ್ರಸನ್ನರಾಗಿ ಅವಳತ್ತ ನೋಡಿದರು. "ಏನಮ್ಮಾ, ಅದನ್ನು ಹಾಗೆಯೇ ಉಳಿಸಬಹುದೇ?"

"ಉಳಿಸಬಾರದು, ಮಹಾಸ್ವಾಮಿ. ತಾವು ಕಣ್ಣು ಮುಚ್ಚಿದರೆ ಎಲ್ಲರ ಕಣ್ಣೂ ಮುಚ್ಚುತ್ತದೆ. ಅದು ದೋಷ."

ಸಭೆಯಲ್ಲಿ ಯಾರೋ ಕೆಮ್ಮಿದರು. ಆಸ್ಥಾನ ವಿದ್ವಾಂಸರು ಎದ್ದು ನಿಂತು, "ದೋಷವೆ? ಇದಲ್ಲವೇ ರಾಜ ಪ್ರಜೆಗಳ ಅಭೇದ! ದೊರೆ ಕಾಣದ್ದನ್ನು ತಾನೂ ಕಾಣೆನೆಂಬ ಇಂಥ ನಿಷ್ಠೆಯನ್ನು ಯಂತ್ರವೊಂದು ತಾನಾಗಿ ಕಲಿತಿರುವುದು ಪ್ರಭುಗಳ ಪುಣ್ಯ" ಎಂದು ಕುಳಿತರು. ಮಹಾರಾಜರ ಕಿವಿಗಳು ಗುಲಾಬಿಯಾದವು.

"ಆದರೆ ನಪಾಸು ಅಂತ ಬರೆದಿದೆಯಲ್ಲ" ಎಂದರು ಅವರು, ನಿಯಮಕ್ಕೆ ಬಹಳ ಬೆಲೆ ಕೊಡುವವರಾದ್ದರಿಂದ. "ನಿಜವಾದ ಫಲ ನಿರೀಕ್ಷಿತ ಫಲಕ್ಕೆ ಹೊಂದಬೇಕಷ್ಟೆ?"

"ಹೊಂದಿಸೋಣ, ಪ್ರಭು" ಎಂದರು ಸಮ್ಮತಿರಾಯರು. ಪುಸ್ತಕ ತೆಗೆದುಕೊಂಡರು. ಚಾರುಮತಿ ತನ್ನ ಅಂಕಣವನ್ನು ತಿದ್ದಲು ಹೇಳುತ್ತಾರೆಂದು ತಿಳಿದು, "ನಾನು ಬರೆದದ್ದು ನಿಜ. ಅದನ್ನು ಬದಲಾಯಿಸುವುದಿಲ್ಲ" ಎಂದಳು.

"ಛೆ ಛೆ, ನಿನ್ನ ಅಕ್ಷರವನ್ನು ಯಾರು ಮುಟ್ಟುತ್ತಾರಮ್ಮಾ! ನೀನು ಬರೆದದ್ದು ಅಪ್ಪಟ ಸತ್ಯ" ಎಂದ ಸಚಿವರು, ಎರಡನೆಯ ಅಂಕಣದಲ್ಲಿ ವರದತ್ತ ಬರೆದಿದ್ದ ನಿರೀಕ್ಷಿತ ಫಲದ ಮೇಲೆ ಒಂದು ಗೆರೆ ಎಳೆದು ಹೊಸದಾಗಿ ಬರೆದರು: 'ಯಾರಿಗೂ ಕಾಣಬಾರದು.'

ಈಗ ಎರಡೂ ಅಂಕಣಗಳು ತದ್ವತ್ ಹೊಂದಿದವು. 'ನಪಾಸು' ಎಂಬ ಪದ ತಾನಾಗಿಯೇ ಅಪ್ರಸ್ತುತವಾಯಿತು. ಕೆಳಗೆ ಚಾರುಮತಿಯ ಸಹಿ ಇದ್ದೇ ಇತ್ತು.

ತರ್ಕ ಓದಿದವಳು ಒಂದೂ ಸುಳ್ಳು ಬರೆದಿರಲಿಲ್ಲ. ಗೆರೆಯ ಕೆಳಗೆ ಬಲಕ್ಕೆ ವಾಲಿದ ಅಕ್ಷರಗಳು ಇನ್ನೂ ಕಾಣುತ್ತಿದ್ದವು. ಅಷ್ಟು ಹೊತ್ತೂ ಅವಳು ಅವನ್ನೇ ನೋಡುತ್ತಿದ್ದಳು.

ಮಹಾರಾಜರು ತಮ್ಮ ಅಮೃತಹಸ್ತದಿಂದ ಅಹವಾಲು ಫೋಲ್ಡರಿನ ಚಂದಾ ಬಿಟ್ಟರು. ಬೆಳ್ಳಿ ಗಂಟೆ ನಿಂತಿತು. ಸಭೆ ಎದ್ದು ಚಪ್ಪಾಳೆ ತಟ್ಟಿತು.

ಆ ವಾರವೇ ನಿಶ್ಚಿಂತಪುರವನ್ನು ಅಹವಾಲುಮುಕ್ತ ರಾಜ್ಯವೆಂದು ಘೋಷಿಸಲಾಯಿತು. ಮಹಾರಾಜರಿಗೆ 'ಸರ್ವತೃಪ್ತಿಕರ' ಎಂಬ ಬಿರುದು, ಅದರ ಜೊತೆಗೆ ಎರಡನೆಯ ಕಿರೀಟ. ಕಿರೀಟ ಕಿವಿಗಳನ್ನೂ ಮುಚ್ಚುವಂತಿತ್ತು. ದೂರುಗಳಿಲ್ಲವಾದ್ದರಿಂದ ಸೇತುವೆ ಸುಸ್ಥಿತಿಯಲ್ಲಿದೆ ಎಂದು ದಾಖಲಾಯಿತು. ಸುಸ್ಥಿತಿಯಲ್ಲಿರುವ ಸೇತುವೆಗೆ ಸುಂಕ ವಿಧಿಸುವುದು ವಾಡಿಕೆ. ಸೇತುವೆಯ ಮೇಲೆ ಯಾರೂ ನಡೆಯಲಾಗದ್ದರಿಂದ ಸುಂಕದವನು ದೋಣಿಯ ಹತ್ತಿರವೇ ಕುಳಿತು ವಸೂಲಿ ಮಾಡತೊಡಗಿದ. ಇದರಿಂದ ತೊಂದರೆಯಾದವರು ಅಹವಾಲು ಫೋಲ್ಡರಿಗೆ ಬರೆಯಬಹುದೆಂದು ಫಲಕ ಹಾಕಿದ್ದರು. ಜನ ಬರೆದರು. ಸ್ತುತಿ ಫೋಲ್ಡರಿಗೆ ಮಾತ್ರ ಎಲ್ಲರೂ ಹುಟ್ಟಿದ ದಿನದಿಂದಲೇ ಚಂದಾದಾರರು. ಅದನ್ನು ಬಿಡುವ ಗುಂಡಿ ಇರಲಿಲ್ಲ. ಆ ಸಾಲನ್ನು ಯಾರೂ ಪರೀಕ್ಷಿಸಿರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಪರೀಕ್ಷಕಿಯ ಹುದ್ದೆಯೂ ಮುಗಿಯಿತು. ಚಾರುಮತಿ ಗಂಟೆಯನ್ನು ತಂತಿಯಿಂದ ಬಿಚ್ಚಿಕೊಂಡು ಹೊಳೆಗೆ ಹೋದಳು.

ಕೆಂಚಮ್ಮ ದೋಣಿಯ ನೀರು ಗೋರಿ ಚೆಲ್ಲುತ್ತಿದ್ದಳು. ಗಂಟೆ ನೋಡಿ ಕೈ ನಿಲ್ಲಿಸಿದಳು.

"ತಂದ್ಯಾ ಮಗಾ. ನಾನೇ ಕೇಳಕ್ಕೆ ಬರನಾ ಅಂದ್ಕಂಡೆ. ಇಂಥ ಹೊತ್ನಾಗೆ ಹೆಂಗೆ ಕೇಳದು ಅಂತ ಸುಮ್ಕಾದೆ."

"ಎರಡು ದಿನಕ್ಕೆ ಅಂತ ತಂದಿದ್ದರು. ತಡ ಆಯ್ತು, ಕೆಂಚಮ್ಮ."

"ಆಚೆ ದಡದ ಕಂಬಕ್ಕೆ ಕಟ್ಟಿದ್ದೆ ಇದನ್ನ. ಅಲ್ಲಿಂದ ಯಾರಾರ ಬಾರ್ಸಿದ್ರೆ ನಾನು ಗುಡಿಸಲಾಗಿದ್ರೂ ಕೇಳೋದು. ಆವಾಗ ಸೇತುವೆ ನೆಟ್ಟಗಿತ್ತು, ಯಾರು ಬಾರಿಸ್ತಾರೆ ಅಂತ ಕೊಟ್ಟೆ. ನಿನ್ನ ಗಂಡ ಅಂದ, 'ಕೆಂಚಮ್ಮ, ನಿನ್ನ ಗಂಟೆ ಅರಮನೇಲಿ ಬಾರಿಸ್ತದೆ, ಹೊಳೆ ದಾಟೋರ ಕಷ್ಟ ಇನ್ಮೇಲೆ ಅಲ್ಲೇ ಕೇಳ್ತದೆ' ಅಂತ." ಅವಳು ಹೊಳೆಯ ಕಡೆ ನೋಡಿದಳು. "ಅವತ್ತು ಪಂಡಿತರು ಆಚೆ ನಿಂತ್ಕಂಡು ಬಾಳ ಹೊತ್ತು ಕೂಗಿದ್ರಂತೆ ಕಣವ್ವ. ನಾನು ಉಣ್ಣಕ್ಕೆ ಹೋಗಿದ್ದೆ. ನೀರಿನ ಸದ್ದು. ಕೇಳಲಿಲ್ಲ."

ಚಾರುಮತಿ ಗಂಟೆಯ ಕೆಂಪು ಬಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟಿದಳು. ಬಹಳ ಹೊತ್ತು ಅದನ್ನೇ ಮಾಡಿದಳು.

"ನೀನು ಉಂಡದ್ದು ತಪ್ಪಲ್ಲ" ಎಂದಳು ಕೊನೆಗೆ. "ಆಚೆಗೆ ಬಿಡು. ನಾನೇ ಕಟ್ಟುತ್ತೇನೆ."

ಸುಂಕದವನು ಸೇತುವೆಯ ಸುಂಕ ಕೇಳಿದ. ಕೊಟ್ಟಳು. ದೋಣಿ ಮುರಿದ ಹಲಗೆಗಳ ನೆರಳಿನಡಿ ಹಾದು ಆಚೆ ದಡ ಮುಟ್ಟಿತು. ಅವಳು ಕಂಬಕ್ಕೆ ಗಂಟೆಯನ್ನು ಬಿಗಿದು ಮೂರು ಗಂಟು ಹಾಕಿದಳು.

"ಬಾ ಮತ್ತೆ, ಹೋಗನ" ಎಂದಳು ಕೆಂಚಮ್ಮ.

"ನೀನೊಬ್ಬಳೇ ಹೋಗು. ಗುಡಿಸಲೊಳಗೆ ಹೋಗಿ ಕೂತುಕೋ. ಕೇಳಿದರೆ ಹೊರಗೆ ಬಂದು ಕೈ ಎತ್ತು."

"ಅಯ್ಯೋ, ಇದೇನೇ ತಾಯಿ?"

"ಪರೀಕ್ಷೆ."

ಕೆಂಚಮ್ಮ ಗೊಣಗಿಕೊಂಡೇ ಹುಟ್ಟು ಹಾಕಿದಳು. ದೋಣಿ ಚಿಕ್ಕದಾಗುತ್ತ ಹೋಗಿ ಆ ದಡ ಸೇರಿತು. ಅವಳು ಏರಿ ಹತ್ತಿ ಗುಡಿಸಲೊಳಗೆ ಮರೆಯಾದಳು. ನೀರು ಸದ್ದು ಮಾಡುತ್ತಿತ್ತು. ಚಾರುಮತಿ ಸ್ವಲ್ಪ ಹೊತ್ತು ಬಿಟ್ಟು, ಹಗ್ಗ ಹಿಡಿದು ಒಮ್ಮೆ ಎಳೆದಳು.

ಎದುರು ದಡದಲ್ಲಿ ಗುಡಿಸಲಿನ ತಟ್ಟಿ ಸರಿಯಿತು. ಕೆಂಚಮ್ಮ ಹೊರಗೆ ಬಂದು, ಅನ್ನ ಮೆತ್ತಿದ ಬಲಗೈಯನ್ನು ಮೇಲೆತ್ತಿದಳು.