ಟ್ರಿಪ್ಪರ್ ವಿರುದ್ಧ ಬಾಬಣ್ಣನ ಧರಣಿ

“ಮಂತ್ರಿ ಗಾಡಿನ ನಡುರಸ್ತೆದಾಗ ನಿಲ್ಲಿಸಿದಾವ ನಾನು! ಒಂದು ಬಟ್ಟಿನಷ್ಟು ಸ್ವಿಚ್ಚು ನನ್ನ ಮಾತು ಕೇಳೂದಿಲ್ಲಂದ್ರ ಏನು? ಇವತ್ತ ಹೊತ್ತು ಮುಣಗೂದ್ರೊಳಗ ಅದನ್ನ ಹಾದಿಗೆ ತರತೇನಿ, ನೋಡತಿರು!”

ಬಾಬಣ್ಣ ಹೀಗೆ ಗುಡುಗಿದಾಗ ಅವನ ಕೈಯಲ್ಲಿ ಟೆಸ್ಟರ್ ಇತ್ತು, ಬಾಯಲ್ಲಿ ಅಡಕೆ ಇತ್ತು. ಮನೆಯಲ್ಲಿ ಕರೆಂಟ್ ಮಾತ್ರ ಇರಲಿಲ್ಲ.

“ನಿನ್ನೆನೂ ಹಿಂಗ ಅಂದಿದ್ರಿ,” ಅಂದಳು ಹೆಂಡತಿ ಹನಮವ್ವ. “ಹೊತ್ತು ಮುಣಗತು, ಲೈಟೂ ಮುಣಗಿದುವು. ನಿಮ್ಮ ಬಾಯಿ ಒಂದ ಮುಣಗವಲ್ದು.”

ಅವಳ ಸಿಟ್ಟು ಸುಳ್ಳಲ್ಲ. ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ, ಮನೆಯ ಮುಂದಿನ ಖೋಲಿಯಲ್ಲೇ ಅವಳ ಹಿಟ್ಟಿನ ಗಿರಣಿ. ಅದನ್ನು ಮುಟ್ಟಿದರೆ ಕೈ ಜುಮ್ಮ ಅನ್ನುತ್ತದೆ ಅಂತ ವೈರಿಂಗ್ ಕೆಲಸದ ಆಸಿಫನನ್ನು ಕರೆಸಿದ್ದರು. ಅವನು ವೈರು ಸರಿ ಮಾಡಿ, ಗೋಡೆಗೆ ಹೊಸದೊಂದು ಡಬ್ಬಿ ಬಡಿದ. “ಇದಕ್ಕ ಟ್ರಿಪ್ಪರ್ ಅಂತಾರ್ರಿ ಅಣ್ಣಾರ. ಕರೆಂಟ್ ಹಾದಿ ತಪ್ಪಿದ್ರ ತಾನ ಬೀಳತೈತಿ, ಜೀವಾ ಉಳಸತೈತಿ” ಅಂದು ಬಬಲೇಶ್ವರಕ್ಕೆ ಬೇರೆ ಕೆಲಸಕ್ಕೆ ಹೊರಟುಹೋದ. ಅಂದಿನಿಂದ ಅದು ಜೀವ ಉಳಿಸಿದ್ದೇ ಉಳಿಸಿದ್ದು! ಮುಂಜಾನೆ ಬಿತ್ತು, ಮಧ್ಯಾಹ್ನ ಬಿತ್ತು, ಗಿರಣಿಯ ಬಾಯಲ್ಲಿ ಜೋಳ ಅರ್ಧ ಒಡೆದಿರುವಾಗಲೇ ಬಿತ್ತು. ಗಿರಾಕಿಗಳು ಜೋಳದ ಡಬ್ಬಿ ಹೊತ್ತುಕೊಂಡು ಮುಂದಿನ ಓಣಿಗೆ ನಡೆದರು.

ಫೋನ್ ಮಾಡಿದರೆ ಆಸಿಫ ಒಂದೇ ಮಾತು ಹೇಳಿದ: “ಗ್ವಾಡಿ ಆಚಿ ಕಡಿ ವೈರೂ ನೋಡಬೇಕಾಗತೈತ್ರಿ.”

ಅಲ್ಲೇ ಕುತ್ತಿಗೆಗೆ ಬಂತು. ಗೋಡೆಯ ಆಚೆ ಇದ್ದವನು ತಮ್ಮ ಪ್ರತಾಪ. ಒಂದು ಕಾಲಕ್ಕೆ ಇಬ್ಬರೂ ಒಂದೇ ಸಂಘಟನೆ, ಒಂದೇ ಲಾಠಿಯ ಏಟು ತಿಂದವರು. ಸಂಘಟನೆ ಎರಡು ಬಣವಾಯಿತು. ಅಣ್ಣ ಆ ಬಣ, ತಮ್ಮ ಈ ಬಣ. ಮೈಕು ಅಣ್ಣನ ಪಾಲಿಗೆ, ಹಾರ್ನು ತಮ್ಮನ ಪಾಲಿಗೆ ಬಂದು, ಎರಡೂ ಅಟ್ಟದ ಮೇಲೆ ತುಕ್ಕು ಹಿಡಿದವು. ಆಮೇಲೆ ಮನೆಯ ನಡುವೆ ಗೋಡೆ ಎದ್ದಿತು, ಮೀಟರ್ ಬೇರೆಯಾಯಿತು, ಮಾತು ನಿಂತಿತು. “ಮೊದಲನೇ ಮಾತು ಅವಂದ ಬರಬೇಕು. ನಾ ಸತ್ರೂ ಆಡಾಂವ ಅಲ್ಲ” ಅಂತ ಬಾಬಣ್ಣ ಆಣೆ ಮಾಡಿದ್ದ. ಊರ ಜಗಳ ಬಗೆಹರಿಸುವವನು ತನ್ನ ಆಣೆಯ ಕಾವಲಿಗೆ ವರ್ಷಗಟ್ಟಲೆ ಕೂತಿದ್ದ.

ಆದ್ದರಿಂದ ಗೋಡೆಯ ಈಚೆಗೇ ವಿಚಾರಣಾ ಆಯೋಗ ನೇಮಕವಾಯಿತು! ಅಧ್ಯಕ್ಷರೂ ಸದಸ್ಯರೂ ಬಾಬಣ್ಣನೇ. ಮಿಕ್ಸರ್ ಅಮಾನತಾಯಿತು. ಇಸ್ತ್ರಿಪೆಟ್ಟಿಗೆ ಗಡೀಪಾರಾಯಿತು. ಫ್ರಿಜ್ಜಿನ ಪಿನ್ನು ಕಿತ್ತು ಬಂಧನದಲ್ಲಿಟ್ಟ. ಒಳಗಿದ್ದ ಹಾಲು ಪ್ರತಿಭಟಿಸಿ ಒಡೆಯಿತು.

“ಇನ್ನ ಉಳದಾಕಿ ನಾನೊಬ್ಬಾಕಿ,” ಅಂದಳು ಹನಮವ್ವ. “ನನ್ನ ಪಿನ್ನೂ ಕಿತ್ತಬಿಡ್ರಿ!”

“ಸುಮ್ನಿರ ಬೇ. ತನಿಖಿ ನಡದೈತಿ.”

ಸಂಜೆ ಬಾಬಣ್ಣ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಟ್ರಿಪ್ಪರ್ ಒಂದನ್ನೇ ಎತ್ತಿದ. ಟಪ್! ಮತ್ತೆ ಎತ್ತಿದ. ಟಪ್! ಒಂದು ಬಲ್ಬೂ ಉರಿಯದ ಮನೆಯಲ್ಲಿ ಕರೆಂಟ್ ಎಲ್ಲಿಗೆ ಹೋಗುತ್ತದೆ? ಪ್ಲಗ್ಗಿನ ತೂತಿಗೆ ಟೆಸ್ಟರ್ ತುರುಕಿದ. ಟ್ರಿಪ್ಪರ್ ಬಿದ್ದಿದೆ, ಎಲ್ಲ ಬಂದ್, ಆದರೂ ಟೆಸ್ಟರ್ ಕೆಂಪಗೆ ಉರಿಯುತ್ತಿದೆ!

“ಸಿಕ್ಕತು! ಗ್ವಾಡಿ ಆಚಿಂದ ನಮ್ಮ ಮನಿಗೆ ಕರೆಂಟ್ ಬಿಡಾಕತ್ತಾನ. ಪಿತೂರಿ ಇದು!”

“ಹಂಗಾರ ಹೋಗಿ ಕೇಳ್ರಿ.”

“ನಾ ಮಾತಾಡಂಗಿಲ್ಲ. ಧರಣಿ ಕುಂದರತೇನಿ, ಘೋಷಣೆ ಕೂಗತೇನಿ. ಘೋಷಣೆ ಅಂದ್ರ ಮಾತಲ್ಲ.”

“ನಿಮ್ಮ ಕಾನೂನಿಗೆ ಬೆಂಕಿ ಹಚ್ಚಲಿ,” ಅಂದು ಹನಮವ್ವ ತಾನೇ ಸ್ಟೂಲ್ ತಂದು ಹಿತ್ತಲಲ್ಲಿ ಕುಕ್ಕಿದಳು.

ಬಾಬಣ್ಣ ಗೋಡೆಗೆ ಮುಖ ಮಾಡಿ ಕೂತು ಮುಷ್ಟಿ ಎತ್ತಿದ.

“ಬೇಕೇ ಬೇಕು!”

ಉತ್ತರ ಕೊಡಲು ಯಾರಿದ್ದಾರೆ? ಹಿಂದೆ ಈ ಎರಡು ಮಾತಿಗೆ ರಸ್ತೆ ತುಂಬ ಗಂಟಲು ಏಳುತ್ತಿದ್ದವು. ಈಗ ಒಂದು ನಾಯಿ ಎದ್ದು, ನೋಡಿ, ಮತ್ತೆ ಮಲಗಿತು. ಒಬ್ಬನೇ ಕೂಗುವ ಘೋಷಣೆ ಭಿಕ್ಷೆಯ ಕೂಗಿನ ಹಾಗೆ ಕೇಳಿಸುತ್ತದೆ ಅಂತ ಬಾಬಣ್ಣನಿಗೆ ಅವತ್ತೇ ಗೊತ್ತಾದದ್ದು. ಆದರೂ ಮತ್ತೊಮ್ಮೆ ಕೂಗಿದ.

“ಬೇಕೇ ಬೇಕು!”

“ನ್ಯಾಯ ಬೇಕು!” ಅಂತು ಗೋಡೆ.

ಬಾಬಣ್ಣನ ಎತ್ತಿದ ಕೈ ಹಾಗೇ ನಿಂತಿತು. ರೂಢಿ ಕೆಟ್ಟದ್ದು. ಬಾಯಿ ತಾನೇ ಮುಂದುವರಿಯಿತು: “ಬೇಕೇ ಬೇಕು!”

“ಲೈಟ್ ಬೇಕು!”

ಪ್ರತಾಪನ ದನಿಯೇ. ಆದರೆ ಮೈಕಿಲ್ಲದೆ ಗಾಂಧಿ ಚೌಕ ನಡುಗಿಸುತ್ತಿದ್ದ ದನಿ ಈಗ ಪಂಕ್ಚರಾದ ಸೈಕಲ್ ಟ್ಯೂಬಿನ ಗಾಳಿಯಂತೆ ಬರುತ್ತಿತ್ತು.

“ಎಲ್ಲಿದ್ದೀಲೇ?” ಬಾಬಣ್ಣನ ಬಾಯಿಂದ ಬಂದುಬಿಟ್ಟಿತು.

“ಸಂಡಾಸದಾಗ! ಕತ್ತಲದಾಗ! ನೀ ಆ ಡಬ್ಬಿ ಹಚ್ಚಿದಾಗಿಂದ, ನಾ ಇಲ್ಲಿ ಬಟನ್ ಒತ್ತಿದ ಕೂಡ್ಲೆ ಲೈಟ್ ಹೋಗತೈತಿ. ಬೇಕಂತ ಮಾಡಾಕತ್ತಾನ ಅಂತ ಬೈಕೋತ ಕುಂತೇನಿ.”

ಆಗಿದ್ದು ಇಷ್ಟೇ. ಪಾಲಾಗುವಾಗ ಸಂಡಾಸ ಪ್ರತಾಪನಿಗೆ ಹೋಗಿತ್ತು. ಅದರ ಬಲ್ಬಿಗೆ ಕರೆಂಟ್ ಹೋಗುವ ವೈರನ್ನು ಅವನ ಮೀಟರಿಗೆ ಹಚ್ಚಿದರು. ತಿರುಗಿ ಬರುವ ವೈರು ಅಣ್ಣನ ಮನೆಯಲ್ಲೇ ಉಳಿಯಿತು. ತನ್ನ ಕಡೆಯಿಂದ ಹೋಗದ ಕರೆಂಟ್ ತನ್ನಲ್ಲಿಗೆ ಬಂದಾಗಲೆಲ್ಲ ಟ್ರಿಪ್ಪರ್ ಹೆದರಿ ಬೀಳುತ್ತಿತ್ತು. ಬಿದ್ದ ಕೂಡಲೇ ಈ ಕಡೆ ಗಿರಣಿ ಬಂದ್, ಆ ಕಡೆ ಬಲ್ಬ್ ಬಂದ್.

“ಮ್ಯಾಲಿಂದ ಮ್ಯಾಲ ಸಂಡಾಸಕ್ಕ ಏನ ಕೆಲಸಲೇ ನಿನಗ?”

“ಸಕ್ಕರಿ ಹೆಚ್ಚಾಗೇತಿ. ಕಿಡ್ನಿನೂ ಹಿಡದೈತಿ ಅಂದಾರ ಡಾಕ್ಟರು. ಒಂದ ಕಡಿ ಕುಂದರಾಕ ಆಗೂದಿಲ್ಲ.”

“ನನಗ ಒಂದ ಮಾತು ಹೇಳಬಾರದ?”

“ಮೊದಲನೇ ಮಾತು ನಿಂದ ಬರಲಿ ಅಂತ ನಾನೂ ಆಣಿ ಹಾಕಿದ್ನಿ.”

ಟ್ರಿಪ್ಪರ್ ಬಿದ್ದಾಗಲೆಲ್ಲ ಬಾಬಣ್ಣ ತಾಯಿ-ಅಕ್ಕ ಸೇರಿಸಿ ಬೈದಿದ್ದ. ಬೈದದ್ದು ಯಾವುದಕ್ಕೆ ಅಂತ ಈಗ ತಿಳಿಯಿತು. ಅದು ಬಿದ್ದ ಒಂದೊಂದು ಸಲವೂ ಆಚೆ ಪ್ರತಾಪ ಗೋಡೆ ಹಿಡಿದುಕೊಂಡು ಸಂಡಾಸಕ್ಕೆ ಎದ್ದು ಬಂದಿದ್ದ.

“ಅಣ್ಣಾ, ಹೋದ್ಯೇನು? ಬ್ಯಾಟ್ರಿ ಇದ್ರ ತೋರಸೋ. ನೀರಿನ ತಂಬಗಿ ಎಲ್ಲೈತಿ ಕಾಣವಲ್ದು!”

ಹನಮವ್ವ ಬ್ಯಾಟರಿ ತಂದು ಕೈಗಿಟ್ಟಳು. ಬಾಬಣ್ಣ ಸ್ಟೂಲ್ ಹತ್ತಿ, ಗೋಡೆಯ ಮೇಲಿಂದ ತೋಳು ಚಾಚಿ, ಸಂಡಾಸದ ಕಿಂಡಿಗೆ ಬೆಳಕು ಹಿಡಿದ.

“ಅಂತೂ ಎರಡೂ ಬಣ ಕೂಡಿದುವು,” ಅಂದಳು ಅವಳು. “ಜಾಗಾ ಮಾತ್ರ ಚಲೋ ಹುಡಕಿದ್ರಿ.”

ಒಳಗಿನಿಂದ ಪ್ರತಾಪ ಒದರಿದ:

“ಬ್ಯಾಟ್ರಿ ನೆಟ್ಟಗ ಹಿಡಿಯೋ ಅಣ್ಣಾ, ಹಂಗ್ಯಾಕ ನಡಗಸಾಕತ್ತೀ!”