ಝಗಮಗ ಅಮರೇಶನ ಪರವಾಗಿ

ಯಾರನ್ನು ಬೇಕಾದರೂ ಬೈಯಿರಿ, ನಾನು ಅಡ್ಡ ಬರುವವನಲ್ಲ. ನಾನು ಗುಮಾಸ್ತನಾಗಿರುವ ಅಕ್ಕಿ ಮಿಲ್ಲಿನ ಮಾಲೀಕರನ್ನು ಬೈದರಂತೂ ನನ್ನ ಕಡೆಯಿಂದಲೂ ಎರಡು ಮಾತು ಸೇರಿಸಿ ಕೊಡುತ್ತೇನೆ. ಆದರೆ ಝಗಮಗ ಅಮರೇಶನನ್ನು ಮಾತ್ರ ನನ್ನೆದುರು ಆಡಿಕೊಳ್ಳಬೇಡಿ. ಈಚೆಗೆ ಸಿಂಧನೂರಿನ ಕ್ಯಾಸೆಟ್ ಅಂಗಡಿಗಳ ಮುಂದೆ ನಿಂತು, "ಆವಾಗ ಈ ಮನಷ್ಯಾ ಅಷ್ಟ್ಯಾಕ ಹೆಸರು ಮಾಡಿದ್ನೋ, ದೇವ್ರಿಗೇ ಗೊತ್ತು" ಎಂದು ನಗುವವರು ಹೆಚ್ಚಾಗಿದ್ದಾರೆ. ಇಷ್ಟಕ್ಕೆಲ್ಲ ದೇವರಿಗೇಕೆ ತೊಂದರೆ? ನನಗೇ ಗೊತ್ತು.

ಅಮರೇಶ ಲಿಂಗಸುಗೂರಿನ ಕಡೆಯವನು. ಮದುವೆಗಳ ಆರ್ಕೆಸ್ಟ್ರಾದಲ್ಲಿ ಹಾಡುತ್ತ ಹಾಡುತ್ತ, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ನಡುವಿನ ಪ್ರತಿ ಚಹಾದಂಗಡಿಯ ಟೇಪ್‌ರೆಕಾರ್ಡರಿನಲ್ಲೂ ಕೂತುಬಿಟ್ಟ. ಬಾಗಿಲ ಪರದೆಯ ಬಟ್ಟೆಯಲ್ಲಿ ಹೊಲಿಸಿದ ಕೋಟು, ಅದರ ತುಂಬ ಚಮಕಿ. ಒಂದು ಕಾಲಿಗೆ ಬಿಳಿ ಬೂಟು, ಇನ್ನೊಂದಕ್ಕೆ ಕೆಂಪು. ಕುಣಿದರೆ ಕೆಂಡ ತುಳಿದವನ ಹಾಗೆ. ಕಂಠ ಮಾತ್ರ ಹನ್ನೆರಡು ತಿಂಗಳೂ ನೆಗಡಿಯಾದವನದು, ಒಪ್ಪುತ್ತೇನೆ. ಆದರೆ ಅವನಿಗಿಂತ ಮೊದಲು ನಾವು ಕೇಳುತ್ತಿದ್ದ ಹಾಡುಗಳಲ್ಲಿ ಪ್ರೇಮಿಗಳು ಹಿಂದಿಯಲ್ಲಿ ಅಳುತ್ತಿದ್ದರು, ತೆಲುಗಿನಲ್ಲಿ ಕುಣಿಯುತ್ತಿದ್ದರು, ಕನ್ನಡದಲ್ಲಾದರೆ ವ್ಯಾಕರಣ ತಪ್ಪದ ಹಾಗೆ ಪ್ರೀತಿಸುತ್ತಿದ್ದರು. ಅಮರೇಶ ಬಂದವನೇ, "ಸಿಟ್ಟ್ಯಾಕ ಮಾಡ್ತಿ, ತುರ್ವಿಹಾಳ ಬಸ್ಸಿನ್ಯಾಗ ಟವೆಲ್ ಹಾಕಿ ಸೀಟು ಹಿಡಿದೀನಿ" ಎಂದು ಹಾಡಿದ. ಆ ಬಸ್ಸಿನಲ್ಲಿ ಹೋಗಿಬಂದವರಿಗೆ ಗೊತ್ತು, ಅದಕ್ಕಿಂತ ದೊಡ್ಡ ಪ್ರೀತಿ ಇಲ್ಲ.

ಅವನನ್ನು ಕಣ್ಣಾರೆ ಕಂಡದ್ದು ಮಸ್ಕಿಯ ಒಂದು ಕಾರ್ಯಕ್ರಮದಲ್ಲಿ. ಹಾಡು ರಂಗೇರಿತ್ತು, ಶಿಳ್ಳೆ ಬೀಳುತ್ತಿತ್ತು. ಮುಂದೆ ಕೂತಿದ್ದ ಹೆಣ್ಣುಮಗಳೊಬ್ಬಳ ಕೂಸು ಡ್ರಮ್ಮಿನ ಸದ್ದಿಗೆ ಬೆಚ್ಚಿ ಅಳತೊಡಗಿತು. ಅಮರೇಶ ಕೈಯೆತ್ತಿ ವಾದ್ಯಗಳನ್ನೆಲ್ಲ ನಿಲ್ಲಿಸಿದ. "ಯವ್ವಾ, ಮೊದ್ಲು ಕೂಸಿನ ಸಮಾಧಾನ ಮಾಡು. ನಾ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದ. ಅಷ್ಟೊಂದು ಜನ ಶಿಳ್ಳೆ ನಿಲ್ಲಿಸಿ ಕಾದು ಕೂತರು. ಕೂಸು ಸುಮ್ಮನಾದ ಮೇಲೆ, ಎಲ್ಲಿ ಬಿಟ್ಟಿದ್ದನೋ ಅದೇ ಅಕ್ಷರದಿಂದ, ಈ ಸಲ ಮೆಲ್ಲಗೆ, ಹಾಡು ಎತ್ತಿಕೊಂಡ. ಇನ್ನೂ ಒಳ್ಳೆಯ ಕಂಠದವರನ್ನು ಆಮೇಲೆ ಎಷ್ಟೋ ಜನರನ್ನು ಕೇಳಿದ್ದೇನೆ. ಕೂಸಿಗಾಗಿ ಹಾಡು ನಿಲ್ಲಿಸಿದವರನ್ನು ಕಂಡಿಲ್ಲ.

ಅದಾದ ಕೆಲವೇ ದಿನಗಳಲ್ಲಿ ಕನ್ಯೆ ನೋಡಲು ತುರ್ವಿಹಾಳಕ್ಕೆ ಹೋದೆ. ಹೆಣ್ಣಿನ ತಂದೆ ಸಿದ್ಲಿಂಗಪ್ಪನವರು ಕಾಲುವೆ ನೀರಿನ ಗದ್ದೆಯುಳ್ಳ ಗಟ್ಟಿ ಆಸಾಮಿ. ಊರಲ್ಲಿ ಅವರು ಕೆಮ್ಮಿದರೆ ಉಳಿದವರು ಮಾತು ನಿಲ್ಲಿಸುತ್ತಿದ್ದರು. ಅವಲಕ್ಕಿ ತಟ್ಟೆ ಕೈಗೆ ಬಂತು, ಹುಡುಗಿಯ ಮುಖವನ್ನು ಅರೆಕಣ್ಣಿನಲ್ಲಿ ನೋಡಿದ್ದೂ ಆಯಿತು. ಹುಡುಗಿ ಒಳಗೆ ಹೋದಳು. ಸರಿಯಾಗಿ ಆಗಲೇ ಪಕ್ಕದ ಓಣಿಯ ಮದುವೆ ಮನೆಯ ಮೈಕಿನಲ್ಲಿ ಅಮರೇಶನ ಕ್ಯಾಸೆಟ್, ಅದೇ ತುರ್ವಿಹಾಳ ಬಸ್ಸಿನ ಹಾಡು, ಶುರುವಾಯಿತು.

ಸಿದ್ಲಿಂಗಪ್ಪನವರು ಮುಖ ಕಿವುಚಿದರು. "ಇದೇನ್ರೀ ಇದು? ಹಾಡಾಕತ್ತಾನೋ, ಎಮ್ಮಿ ಹೊಡಿಯಾಕತ್ತಾನೋ?"

ಮಗ್ಗುಲಲ್ಲಿ ಕೂತಿದ್ದ ನನ್ನ ಅಣ್ಣ ನನ್ನ ತೊಡೆ ಚಿವುಟಿದ. ಆದರೆ ಬಾಯಿ ನನ್ನದಲ್ಲವೇ? "ಎಮ್ಮಿ ಹೊಡಿಯೋರಿಗೂ ಒಂದು ಹಾಡು ಬ್ಯಾಡೇನ್ರೀ? ನಿಮ್ಮೂರಿನ ಹೆಸರು ಇಷ್ಟು ವರ್ಷದಾಗ ಮತ್ಯಾರು ಹಾಡ್ಯಾರ, ಹೇಳ್ರಿ" ಎಂದುಬಿಟ್ಟೆ.

ಅಣ್ಣ ಚಪ್ಪಲಿ ಎಲ್ಲಿ ಬಿಟ್ಟಿದ್ದೇವೆಂದು ಬಾಗಿಲ ಕಡೆ ನೋಡತೊಡಗಿದ. ಅಷ್ಟರಲ್ಲಿ ಒಳಗಿನಿಂದ, "ಅವ್ರು ಹೇಳೋದು ಖರೇನ ಐತಲ್ಲಪ್ಪಾ" ಎಂಬ ದನಿ ಬಂತು. ಹುಡುಗಿ, ಅಂದರೆ ಗೌರಮ್ಮ. ಸಿದ್ಲಿಂಗಪ್ಪನವರು ಒಳಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು, ಕೊನೆಗೆ, "ಅವಲಕ್ಕಿ ತಿನ್ರಿ, ಆರತೈತಿ" ಎಂದರು. ಮದುವೆ ಆಯಿತು.

ಹೊಸ ಸಂಸಾರ. ನಾನು ಉತ್ಸಾಹದಿಂದ ಅಮರೇಶನ ಕ್ಯಾಸೆಟ್ ಹಾಕಿದೆ. ಪಲ್ಲವಿ ಮುಗಿದಿರಲಿಲ್ಲ, ಗೌರಮ್ಮ ಅಡುಗೆಮನೆಯಿಂದ ಬಂದಳು. "ಅದನ್ನ ಬಂದ್ ಮಾಡ್ರೀ, ತಲಿ ನೋಯ್ತೈತಿ."

"ಮತ್ತ ಆವತ್ತು ಖರೇ ಐತಿ ಅಂದಿದ್ದಿ?"

"ನಮ್ಮಪ್ಪಗ ಎದುರು ಮಾತಾಡಿದವ್ರನ್ನ ನಾ ಅವತ್ತ ಮೊದಲು ಕಂಡಿದ್ದು. ಅದಕ್ಕ ಅಂದೆ. ಆ ಹಾಡಿಗಲ್ಲ."

ಊರೇ ಅಂಜುವ ಸಿದ್ಲಿಂಗಪ್ಪನವರಿಗೆ ಎದೆ ಸೆಟೆಸಿ ಉತ್ತರ ಕೊಟ್ಟ ನಾನು, ಎದ್ದು ಟೇಪ್ ಬಂದ್ ಮಾಡಿದೆ.

ಹಾಗೆಂದು ಸೋತೆನೆಂದು ತಿಳಿಯಬೇಡಿ. ಅಮರೇಶನ ಪಕ್ಷ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅವನನ್ನು ಕೇಳಬೇಕೆನಿಸಿದಾಗ ಕ್ಯಾಸೆಟ್ ಜೇಬಿನಲ್ಲಿಟ್ಟುಕೊಂಡು, ತವರಿನ ನೆಪದಲ್ಲಿ ಗೌರಮ್ಮನನ್ನೂ ಕರೆದುಕೊಂಡು ಮಾವನ ಮನೆಗೆ ಹೋಗುತ್ತೇನೆ. ಗದ್ದೆಯ ಪಂಪ್‌ಸೆಟ್ ಕೋಣೆಯಲ್ಲಿ, ಅಂದು ಎಮ್ಮಿ ಹೊಡಿಯಾಕತ್ತಾನೋ ಎಂದಿದ್ದ ಮಾವನವರೇ ಟೇಪ್‌ರೆಕಾರ್ಡರ್ ಸಿದ್ಧವಾಗಿಟ್ಟಿರುತ್ತಾರೆ. ಅವರು ಕಣ್ಣು ಮುಚ್ಚಿ ತೊಡೆ ತಟ್ಟುತ್ತಾರೆ. ನಾನು ಬಾಗಿಲಲ್ಲಿ ಕೂತು, ಗೌರಮ್ಮ ಈ ಕಡೆ ಬರುತ್ತಿದ್ದಾಳೋ ಎಂದು ನೋಡುತ್ತಿರುತ್ತೇನೆ.